ಗಳಿಕೆ, ಮಿತಿ, ದಾನ: ಆರ್ಥಿಕ ನ್ಯಾಯದ ಬಗ್ಗೆ ಜೈನ ದೃಷ್ಟಿ

ಆರ್ಥಿಕ ನ್ಯಾಯ, ಸಮಾಜ ಕಲ್ಯಾಣ ಎಂಬ ಪದಗಳು ನಮ್ಮ ಶಾಸ್ತ್ರ ಗ್ರಂಥಗಳಲ್ಲಿ ಇದೇ ರೂಪದಲ್ಲಿ ಸಿಗುವುದಿಲ್ಲ. ಆದರೆ ಗೃಹಸ್ಥನು ಸಂಪತ್ತನ್ನು ಹೇಗೆ ಗಳಿಸಬೇಕು, ಎಷ್ಟು ಇಟ್ಟುಕೊಳ್ಳಬೇಕು, ಮಿಕ್ಕಿದ್ದನ್ನು ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಶ್ರಾವಕಾಚಾರ ಗ್ರಂಥಗಳು ನೇರವಾದ ಉತ್ತರ ಕೊಟ್ಟಿವೆ. ಈ ಮೂರಕ್ಕೆ ಒಂದು ಕ್ರಮವೂ ಇದೆ. ಮೊದಲು ನ್ಯಾಯದ ಗಳಿಕೆ, ನಂತರ ಮಿತಿ, ಆಮೇಲೆ ದಾನ. ನಮ್ಮ ಸಮಾಜದಲ್ಲಿ ದಾನದ ಮಾತು ಹೆಚ್ಚು, ಮೊದಲ ಎರಡರ ಮಾತು ಕಡಿಮೆ. ಬಸದಿಯ ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲು ಇರುತ್ತದೆ. ಆ ಹಣ ಗಳಿಸಿದ ಅಂಗಡಿಯಲ್ಲಿ ಚೀಲ ಹೊತ್ತವನಿಗೆ ಸರಿಯಾದ ಕೂಲಿ ಸಿಕ್ಕಿತೇ ಎಂದು ಯಾರೂ ಕೇಳುವುದಿಲ್ಲ. ಶಾಸ್ತ್ರ ಮಾತ್ರ ಕೇಳುತ್ತದೆ.

ನ್ಯಾಯದ ಗಳಿಕೆ

12ನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರರು ತಮ್ಮ ‘ಯೋಗಶಾಸ್ತ್ರ’ದಲ್ಲಿ ಧರ್ಮಮಾರ್ಗಕ್ಕೆ ಬರುವ ಗೃಹಸ್ಥನ 35 ಗುಣಗಳನ್ನು ಎಣಿಸುತ್ತಾರೆ. ಅದರಲ್ಲಿ ಮೊದಲನೆಯದೇ ನ್ಯಾಯದಿಂದ ಗಳಿಸಿದ ಸಂಪತ್ತು. 13ನೆಯ ಶತಮಾನದ ದಿಗಂಬರ ಪಂಡಿತ ಆಶಾಧರರ ‘ಸಾಗಾರ ಧರ್ಮಾಮೃತ’ದಲ್ಲಿಯೂ ಶ್ರಾವಕನ ಅರ್ಹತೆಯ ಪಟ್ಟಿ ನ್ಯಾಯಾರ್ಜಿತ ಧನದಿಂದಲೇ ಆರಂಭವಾಗುತ್ತದೆ. ಎರಡು ಪಂಥದ ವಿದ್ವಾಂಸರು ಪೂಜೆ, ಉಪವಾಸ, ದಾನ ಎಲ್ಲಕ್ಕಿಂತ ಮೊದಲು ಗಳಿಕೆಯ ಶುದ್ಧಿಯನ್ನು ಇಟ್ಟಿರುವುದನ್ನು ಗಮನಿಸಬೇಕು.

ಶುದ್ಧಿ ಎಂದರೆ ಏನು ಎಂಬುದಕ್ಕೆ ಆಚಾರ್ಯ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ 7ನೆಯ ಅಧ್ಯಾಯ ನೋಡಬೇಕು. ಅಲ್ಲಿ ಅಚೌರ್ಯ ಅಣುವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಗಲುವ ದೋಷಗಳನ್ನು ಹೇಳಿದೆ.

1. ಸ್ತೇನಪ್ರಯೋಗ: ಕಳ್ಳತನಕ್ಕೆ ಪ್ರೇರೇಪಿಸುವುದು.
2. ತದಾಹೃತಾದಾನ: ಕಳ್ಳ ಮಾಲು ಕೊಳ್ಳುವುದು.
3. ವಿರುದ್ಧರಾಜ್ಯಾತಿಕ್ರಮ: ರಾಜ್ಯದ ನಿಯಮ ಮೀರಿ ವ್ಯವಹರಿಸುವುದು.
4. ಹೀನಾಧಿಕಮಾನೋನ್ಮಾನ: ಕೊಳ್ಳಲು ಒಂದು ಅಳತೆ, ಮಾರಲು ಇನ್ನೊಂದು ಅಳತೆ ಇಡುವುದು.
5. ಪ್ರತಿರೂಪಕ ವ್ಯವಹಾರ: ಕಲಬೆರಕೆ ಅಥವಾ ನಕಲಿ ಮಾಲನ್ನು ಅಸಲಿ ಎಂದು ಮಾರುವುದು.

ಐದರಲ್ಲಿ ನಾಲ್ಕು ನೇರವಾಗಿ ವ್ಯಾಪಾರಿಗೆ ಹೇಳಿದ ಮಾತು. ಇಂದು ತೂಕ ಮತ್ತು ಅಳತೆಗೆ 2009ರ ಕಾನೂನು ಮಾಪನ ಕಾಯ್ದೆ ಇದೆ, ಕಲಬೆರಕೆಗೆ 2006ರ ಆಹಾರ ಸುರಕ್ಷತಾ ಕಾಯ್ದೆ ಇದೆ. ಮಂಡಿಯಲ್ಲಿ ರೈತನ ಪ್ರತಿ ಚೀಲಕ್ಕೂ ‘ಸೂಟು’ ಎಂದು ಇಷ್ಟು ಕೆ.ಜಿ. ಮುರಿದುಕೊಳ್ಳುವ ಪದ್ಧತಿಯನ್ನು ವ್ಯಾಪಾರದಲ್ಲಿರುವವರೆಲ್ಲ ಬಲ್ಲರು. ಅದು ರೂಢಿ ಎನ್ನುತ್ತಾರೆ. ಶಾಸ್ತ್ರದ ಲೆಕ್ಕದಲ್ಲಿ ಅದು ನಾಲ್ಕನೆಯ ಅತಿಚಾರ.

ಮೂರನೆಯದಕ್ಕೆ ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಕೊಡುವ ವಿವರಣೆ ಮುಖ್ಯವಾದದ್ದು. ರಾಜ್ಯ ಅಸ್ತವ್ಯಸ್ತವಾದಾಗ ಕಡಿಮೆ ಬೆಲೆಗೆ ಸಿಗುವ ವಸ್ತುವನ್ನು ದುಬಾರಿಗೆ ಮಾರಲು ಹೊರಡುವುದೂ ಇದೇ ದೋಷ ಎಂಬುದು ಅದರ ತಾತ್ಪರ್ಯ. ತೆರಿಗೆ ತಪ್ಪಿಸುವುದು, ಬಿಲ್ ಇಲ್ಲದೆ ಮಾಲು ಸಾಗಿಸುವುದು ಮಾತ್ರವಲ್ಲ, ಜನ ಕಷ್ಟದಲ್ಲಿದ್ದಾಗ ಅವಕಾಶ ನೋಡಿ ದರ ಏರಿಸುವುದೂ ಕಳ್ಳತನದ ಸಾಲಿಗೆ ಸೇರುತ್ತದೆ. ಪಡಿತರ, ಶಾಲೆ, ಆಸ್ಪತ್ರೆ ಎಲ್ಲವೂ ತೆರಿಗೆಯ ಹಣದಿಂದ ನಡೆಯುವಂಥವು. ಹಾಗಾಗಿ ಜಿಎಸ್‌ಟಿ ಸರಿಯಾಗಿ ಕಟ್ಟುವುದು ಆಡಿಟರಿಗೆ ಬಿಟ್ಟ ವಿಷಯ ಅಲ್ಲ, ಅಣುವ್ರತದ ವಿಷಯ.

ದುಡಿಯುವವರ ಬಗ್ಗೆ

ಅದೇ ಅಧ್ಯಾಯದಲ್ಲಿ ಅಹಿಂಸಾ ಅಣುವ್ರತದ ಐದು ಅತಿಚಾರಗಳು ಬರುತ್ತವೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರಾರೋಪಣ ಅಂದರೆ ಶಕ್ತಿ ಮೀರಿ ಹೊರೆ ಹೊರಿಸುವುದು, ಅನ್ನಪಾನ ನಿರೋಧ ಅಂದರೆ ಅನ್ನ ನೀರು ತಡೆಯುವುದು. ಇವು ದನಕರುಗಳಿಗೆ ಮಾತ್ರ ಎಂದು ಕೆಲವರು ತಿಳಿಯುತ್ತಾರೆ. ನಮ್ಮ ಆಶ್ರಯದಲ್ಲಿ ದುಡಿಯುವ ಮನುಷ್ಯರಿಗೂ ಇದು ಅನ್ವಯಿಸುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಮಾಡಿದ ಶಿಫಾರಸಿನ ಪ್ರಕಾರ ವಯಸ್ಕ ಗಂಡಸು ಹೊರುವ ಭಾರ 55 ಕೆ.ಜಿ. ಮೀರಬಾರದು. ನಮ್ಮ ಗೋದಾಮುಗಳಲ್ಲಿ ಹಮಾಲರ ಬೆನ್ನ ಮೇಲೆ ಎಷ್ಟೋ ವರ್ಷ ಕ್ವಿಂಟಲ್ ಚೀಲ ಏರಿದೆ. ಇರುವೆಗೆ ಸಕ್ಕರೆ ಹಾಕಿ ಬಂದವರು ಇದನ್ನೂ ಯೋಚಿಸಬೇಕು. ಕೂಲಿ ತಡವಾಗಿ ಕೊಡುವುದು, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವುದು, ಊಟದ ಹೊತ್ತಿಗೆ ಬಿಡದೆ ಲಾರಿ ಖಾಲಿ ಮಾಡಿಸುವುದು ಅನ್ನಪಾನ ನಿರೋಧಕ್ಕೆ ಬಹಳ ದೂರವಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಿಂದ ಇಂದಿನ ವೇತನ ಸಂಹಿತೆಯವರೆಗೆ ಸರ್ಕಾರ ಮಾಡಿದ್ದು ಈ ವ್ರತದ ಹೊರಗಿನ ರೂಪ. ಇಎಸ್‌ಐ, ಪಿಎಫ್‌ಗೆ ಕಟ್ಟುವ ಹಣವನ್ನೂ ದಂಡ ಎಂದು ಎಣಿಸಬಾರದು.

ಮಿತಿ: ಪರಿಗ್ರಹ ಪರಿಮಾಣ ವ್ರತ

ಮುನಿಗಳಿಗೆ ಅಪರಿಗ್ರಹ ಮಹಾವ್ರತ. ಗೃಹಸ್ಥರಿಗೆ ಪರಿಗ್ರಹ ಪರಿಮಾಣ, ಅಂದರೆ ತನಗೆ ಇಷ್ಟು ಸಾಕು ಎಂದು ಮಿತಿ ಹಾಕಿಕೊಳ್ಳುವುದು. ಹೊಲ ಮನೆ, ಬೆಳ್ಳಿ ಬಂಗಾರ, ದನ ಧಾನ್ಯ, ಬಟ್ಟೆ ಪಾತ್ರೆ ಹೀಗೆ ಒಂದೊಂದಕ್ಕೂ ಲೆಕ್ಕ.

ಶ್ವೇತಾಂಬರ ಆಗಮ ‘ಉಪಾಸಕದಶಾಂಗ’ದಲ್ಲಿ ಭಗವಾನ್ ಮಹಾವೀರರ ಶ್ರಾವಕ ಆನಂದನ ಕಥೆ ಇದೆ. ಅವನಲ್ಲಿ 12 ಕೋಟಿ ಸುವರ್ಣ ನಾಣ್ಯ ಇತ್ತು: 4 ಕೋಟಿ ಭಂಡಾರದಲ್ಲಿ, 4 ಕೋಟಿ ವ್ಯವಹಾರದಲ್ಲಿ, 4 ಕೋಟಿ ಮನೆಯ ವೈಭವದಲ್ಲಿ. ತಲಾ 10,000 ದನಗಳ 4 ಹಿಂಡು, 500 ನೇಗಿಲು, ಗಾಡಿಗಳು ಬೇರೆ. ಅವನು ಇದ್ದ ಸಂಪತ್ತನ್ನು ಬಿಡಲಿಲ್ಲ, ಇಷ್ಟೇ ಸಾಕು ಎಂದು ಗೆರೆ ಎಳೆದ. ಇದೇನು ದೊಡ್ಡ ತ್ಯಾಗ ಎಂದು ಕೇಳಬಹುದು. ಆದರೆ ಗೆರೆ ಎಳೆದ ದಿನದಿಂದ ಮುಂದೆ ಬರುವ ಲಾಭ ತಿಜೋರಿಯಲ್ಲಿ ನಿಲ್ಲುವಂತಿಲ್ಲ. ಅದು ಹೊರಗೆ ಹೋಗಲೇಬೇಕು. ಶ್ರೀಮಂತನನ್ನು ಬಡವನಾಗಿ ಮಾಡದೆ, ಸಂಪತ್ತು ಒಂದೇ ಕಡೆ ಬೆಳೆಯುವುದನ್ನು ಈ ವ್ರತ ತಡೆಯುತ್ತದೆ.

ಆಚಾರ್ಯ ಸಮಂತಭದ್ರರು ‘ರತ್ನಕರಂಡ ಶ್ರಾವಕಾಚಾರ’ದಲ್ಲಿ ಈ ವ್ರತದ ದೋಷಗಳನ್ನು ಬೇರೆ ರೀತಿಯಲ್ಲಿ ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಟೀಕಾಕಾರ ಪ್ರಭಾಚಂದ್ರರ ಪ್ರಕಾರ, ಮುಂದೆ ಹೆಚ್ಚು ಲಾಭ ಬರುತ್ತದೆ ಎಂಬ ಲೋಭದಿಂದ ಧಾನ್ಯವನ್ನು ಮಿತಿಮೀರಿ ಕೂಡಿಡುವುದು ಅತಿಸಂಗ್ರಹ. 1955ರ ಅಗತ್ಯ ವಸ್ತುಗಳ ಕಾಯ್ದೆ ದಾಸ್ತಾನಿಗೆ ಮಿತಿ ಹಾಕುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಆಚಾರ್ಯರು ಅದನ್ನು ದೋಷ ಎಂದಿದ್ದರು.

ಹಳೆಯ ಪಟ್ಟಿಯಲ್ಲಿ ದಾಸಿ ದಾಸರನ್ನೂ ಪರಿಗ್ರಹದಲ್ಲಿ ಎಣಿಸಿರುವುದನ್ನು ಮುಚ್ಚಿಡಬೇಕಾಗಿಲ್ಲ. ಅದು ಆ ಕಾಲದ ವ್ಯವಸ್ಥೆ. ಇಂದು ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ, 1976ರಿಂದ ಜೀತ ಪದ್ಧತಿ ರದ್ದತಿ ಕಾಯ್ದೆ ಇದೆ. ಮನುಷ್ಯರ ಲೆಕ್ಕದಲ್ಲಿ ಈಗ ಹಾಕಿಕೊಳ್ಳಬಹುದಾದ ಪರಿಮಾಣ ಸೊನ್ನೆ ಒಂದೇ.

ದಾನ: ನಾಲ್ಕು ಬಗೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನ ಎಲ್ಲರಿಗೂ ಗೊತ್ತಿರುವುದು. ಹಸಿವು, ರೋಗ, ಅಜ್ಞಾನ, ಭಯ ಈ ನಾಲ್ಕಕ್ಕೆ ಪರಿಹಾರ ಇವು. ಯಾವುದೇ ಸರ್ಕಾರದ ಕಲ್ಯಾಣ ಕಾರ್ಯಕ್ರಮ ತೆಗೆದುಕೊಂಡರೂ ಈ ನಾಲ್ಕರಲ್ಲಿ ಒಂದಕ್ಕೆ ಸೇರುತ್ತದೆ.

ನಮ್ಮ ನಾಡಿನಲ್ಲಿ ಇದಕ್ಕೆ ದೊಡ್ಡ ಹೆಸರು ದಾನಚಿಂತಾಮಣಿ ಅತ್ತಿಮಬ್ಬೆ. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಈಕೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅಚ್ಚುಕೂಟ ಇಲ್ಲದ ಕಾಲದ ಶಾಸ್ತ್ರದಾನ ಅದು.

ಆಹಾರದಾನಕ್ಕೆ 13ನೆಯ ಶತಮಾನದ ಕಚ್ಛದ ಭದ್ರೇಶ್ವರದ ವರ್ತಕ ಜಗಡೂ ಶಾಹನ ಉದಾಹರಣೆ ಇದೆ. ಅವನ ಚರಿತ್ರೆ ಹೇಳುವ ಸಂಸ್ಕೃತ ಕಾವ್ಯ ‘ಜಗಡೂಚರಿತ’ದ ಪ್ರಕಾರ, ಬರಗಾಲಕ್ಕೆ ಮೊದಲೇ ಅವನು ಧಾನ್ಯ ಕೂಡಿಟ್ಟು ಅದು ಬಡವರಿಗಾಗಿ ಎಂದು ತಾಮ್ರಪಟದಲ್ಲಿ ಬರೆಯಿಸಿದ್ದ, ಬರ ಬಂದಾಗ ಜನರಿಗೆ ಹಂಚಿದ. ಲಾಭಕ್ಕೆ ಕೂಡಿಟ್ಟರೆ ಅತಿಸಂಗ್ರಹ, ಜನರಿಗಾಗಿ ಕೂಡಿಟ್ಟರೆ ದಾನ. ಗೋದಾಮು ಒಂದೇ, ಭಾವ ಬೇರೆ.

ಕಳೆದ ಶತಮಾನದಲ್ಲಿ ಕರ್ಮವೀರ ಭಾವುರಾವ್ ಪಾಟೀಲರು ಶಾಸ್ತ್ರದಾನಕ್ಕೆ ಹೊಸ ಅರ್ಥ ಕೊಟ್ಟರು. 1887ರಲ್ಲಿ ಕೊಲ್ಹಾಪುರ ಸೀಮೆಯ ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಇವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಆರಂಭಿಸಿದರು. ಸಾತಾರದ ವಿದ್ಯಾರ್ಥಿ ನಿಲಯದಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಇದ್ದು, ದುಡಿಯುತ್ತ ಕಲಿಯುವ ವ್ಯವಸ್ಥೆ ಮಾಡಿದರು. ಮಕ್ಕಳ ಊಟಕ್ಕೆ ಹಣವಿಲ್ಲದಾಗ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆ ಕೊಟ್ಟರು. ಪಾಟೀಲರ ಕೊಡುಗೆ ಸಮಾಜದ ಗಡಿ ದಾಟಿ ರೈತನ ಮಗನಿಗೂ ದಲಿತನ ಮಗನಿಗೂ ತಲುಪಿತು.

ಕೇಳಿಬರುವ ಆಕ್ಷೇಪಗಳು

“ಬಡತನ ಅವರವರ ಪೂರ್ವಕರ್ಮದ ಫಲ, ನಾವೇನು ಮಾಡಲಾದೀತು” ಎಂಬ ಮಾತು ನಮ್ಮಲ್ಲಿ ಕೇಳುತ್ತದೆ. ‘ತತ್ತ್ವಾರ್ಥಸೂತ್ರ’ದ 6ನೆಯ ಅಧ್ಯಾಯ ಇದಕ್ಕೆ ಉತ್ತರ ಕೊಟ್ಟಿದೆ. ಮತ್ತೊಬ್ಬರ ದಾನ, ಲಾಭ, ಭೋಗಕ್ಕೆ ವಿಘ್ನ ಮಾಡುವವನಿಗೆ ಅಂತರಾಯ ಕರ್ಮದ ಬಂಧವಾಗುತ್ತದೆ. ಹಮಾಲನ ಬಡತನ ಅವನ ಕರ್ಮವೇ ಇರಲಿ, ಅವನ ಕೂಲಿ ತಡೆಯುವುದು ನಮ್ಮ ಕರ್ಮ. ಕರ್ಮ ಸಿದ್ಧಾಂತ ಪ್ರತಿಯೊಬ್ಬನಿಗೂ ತನ್ನ ಲೆಕ್ಕ ನೋಡಿಕೊಳ್ಳಲು ಹೇಳಿದ್ದು, ಪಕ್ಕದವನ ಲೆಕ್ಕ ಬರೆಯಲು ಅಲ್ಲ.

ಎರಡನೆಯದು ತಾತ್ತ್ವಿಕ ಭೇದ. 1760ರಲ್ಲಿ ತೇರಾಪಂಥ ಸ್ಥಾಪಿಸಿದ ಆಚಾರ್ಯ ಭಿಕ್ಷು ಅವರು ಲೌಕಿಕ ಉಪಕಾರವನ್ನೂ ಮೋಕ್ಷಮಾರ್ಗದ ಧರ್ಮವನ್ನೂ ಬೇರೆ ಬೇರೆಯಾಗಿ ನೋಡಬೇಕೆಂದರು. ದಿಗಂಬರ ಪರಂಪರೆಯಲ್ಲಿಯೂ ಪಾತ್ರದಾನ, ಕರುಣಾದಾನ ಎಂಬ ಭೇದ ಇದೆ. ಆದರೆ ಈ ಭೇದಗಳಿಂದ ಮೋಸದ ವ್ಯಾಪಾರಕ್ಕೆ ಯಾರೂ ಒಪ್ಪಿಗೆ ಕೊಟ್ಟಿಲ್ಲ. ಅದೇ ತೇರಾಪಂಥದ ಆಚಾರ್ಯ ತುಲಸಿ ಅವರು 1949ರಲ್ಲಿ ಅಣುವ್ರತ ಆಂದೋಲನ ಆರಂಭಿಸಿ, ವ್ಯಾಪಾರದ ಪ್ರಾಮಾಣಿಕತೆಯನ್ನು ಎಲ್ಲ ಧರ್ಮದವರೂ ಪಾಲಿಸಬಹುದಾದ ಸಣ್ಣ ವ್ರತವನ್ನಾಗಿ ಜನರ ಮುಂದಿಟ್ಟರು.

ಸರ್ಕಾರದ ಯೋಜನೆಗಳು ಮತ್ತು ನಾವು

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನರಲ್ಲಿ ಶೇ. 75ರವರೆಗೆ, ನಗರದಲ್ಲಿ ಶೇ. 50ರವರೆಗೆ ಪಡಿತರ ಹಕ್ಕು ಕೊಟ್ಟಿದೆ. ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯ ಆರಂಭವಾಯಿತು. “ಪುಕ್ಕಟೆ ಕೊಟ್ಟು ಜನರನ್ನು ಸೋಮಾರಿ ಮಾಡುತ್ತಾರೆ” ಎಂದು ಅಂಗಡಿಯ ಗಲ್ಲಾದಲ್ಲಿ ಕುಳಿತು ಹೇಳುವವರು ನಮ್ಮವರಲ್ಲೂ ಇದ್ದಾರೆ. ಯೋಜನೆಯ ಖರ್ಚು, ಸೋರಿಕೆ ಬಗ್ಗೆ ಚರ್ಚೆ ಇರಲಿ. ಆದರೆ ಆಹಾರದಾನವನ್ನು ಪುಣ್ಯ ಎನ್ನುವವರು ಹಸಿದವನ ಪಡಿತರವನ್ನು ಹೀಯಾಳಿಸುವುದು ಹೊಂದುವುದಿಲ್ಲ.

ನಾವೂ ಫಲಾನುಭವಿಗಳೇ. 2014ರ ಜನವರಿ 27ರಂದು ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಅಧಿಸೂಚಿಸಿತು. 2011ರ ಜನಗಣತಿಯಂತೆ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿ ಯಲ್ಲಿದ್ದಾರೆ. ಜೈನರೆಲ್ಲ ಶ್ರೀಮಂತರು ಎಂಬುದು ತಪ್ಪು ಕಲ್ಪನೆ. ಬೆಳಗಾವಿ, ಬಾಗಲಕೋಟೆ, ಧಾರವಾಡ ಕಡೆ ಒಣಬೇಸಾಯದ ಸಣ್ಣ ರೈತರು, ಕೃಷಿ ಕೂಲಿಗಳು, ಹಳ್ಳಿ ಬಸದಿಗಳ ಪುರೋಹಿತ ಕುಟುಂಬಗಳು, ಆಸರೆಯಿಲ್ಲದ ವಿಧವೆಯರು ನಮ್ಮಲ್ಲೇ ಇದ್ದಾರೆ. ವಿದ್ಯಾರ್ಥಿವೇತನ, ಸಾಲ ಸೌಲಭ್ಯ ಇರುವುದು ಇವರಿಗಾಗಿ. ಇಂಥ ಮನೆಗಳಿಗೆ ಅರ್ಜಿ ತುಂಬಿಕೊಡುವುದು, ತಹಶೀಲ್ದಾರ ಕಚೇರಿಗೆ ಜೊತೆಗೆ ಹೋಗುವುದು ಕಾರ್ಯಕರ್ತರು ಮಾಡಬಹುದಾದ ದೊಡ್ಡ ಸೇವೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅನುಕೂಲ ಇದ್ದವರು ಆದಾಯ ಕಡಿಮೆ ತೋರಿಸಿ ಪ್ರಮಾಣಪತ್ರ ಮಾಡಿಸಿ ಈ ಸೌಲಭ್ಯ ಪಡೆದರೆ, ಸತ್ಯ ಮತ್ತು ಅಚೌರ್ಯ ಎರಡೂ ಅಣುವ್ರತಕ್ಕೆ ಭಂಗ. ಬಡ ಶ್ರಾವಕನ ಮಗನ ಪಾಲಿಗೆ ಅಂತರಾಯ ಉಂಟುಮಾಡಿದ ಹಾಗೂ ಆಗುತ್ತದೆ.

ವ್ರತ ಮತ್ತು ಕಾನೂನು

ಕಂಪನಿ ಕಾಯ್ದೆ 2013ರ 135ನೆಯ ಸೆಕ್ಷನ್ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜ ಕಾರ್ಯಕ್ಕೆ ಖರ್ಚು ಮಾಡಬೇಕೆನ್ನುತ್ತದೆ. ಉಳಿದ ಶೇ. 98 ಹೇಗೆ ಬಂತು ಎಂದು ಆ ಸೆಕ್ಷನ್ ಕೇಳುವುದಿಲ್ಲ. ವ್ರತ ನೂರಕ್ಕೆ ನೂರನ್ನೂ ಕೇಳುತ್ತದೆ. ಆದರೆ ವ್ರತವನ್ನು ಯಾರ ಮೇಲೂ ಹೇರಲಾಗದು, ವ್ರತ ಇಲ್ಲದವನಿಂದ ಕೂಲಿಕಾರನಿಗೆ ರಕ್ಷಣೆ ಬೇಕಾದರೆ ಕಾನೂನೇ ಬೇಕು. ಹಾಗಾಗಿ ಎರಡೂ ಅಗತ್ಯ. ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಪರಿಗ್ರಹ ಪರಿಮಾಣ ವ್ರತವನ್ನು ಮುನಿಗಳ ಅಥವಾ ಮಾತಾಜಿಯವರ ಸಾನ್ನಿಧ್ಯದಲ್ಲಿ ತೆಗೆದುಕೊಳ್ಳುವ ರೂಢಿ ಇದೆ. ತೆಗೆದುಕೊಳ್ಳುವವರು ಮೊದಲು ಆಸ್ತಿ, ಒಡವೆ, ನಗದು, ದಾಸ್ತಾನು, ಕೊಡಬೇಕಾದ ಬಾಕಿ ಎಲ್ಲವನ್ನೂ ಕಾಗದದ ಮೇಲೆ ಬರೆಯುವುದು ಒಳ್ಳೆಯದು. ಕೊಡಬೇಕಾದ ಬಾಕಿಯಲ್ಲಿ ಕೆಲಸದವರ ಕೂಲಿ, ಸರ್ಕಾರದ ತೆರಿಗೆ, ರೈತನ ಹಣ ಮೊದಲು ಬರಲಿ. ಅವು ತೀರಿದ ಮೇಲೆ ಉಳಿದದ್ದೇ ನಮ್ಮದು. ಮಿತಿ ಹಾಕಬೇಕಾದದ್ದು ಅದಕ್ಕೆ, ದಾನ ಮಾಡಬೇಕಾದದ್ದು ಅದರಿಂದ.