ಕೆಇಎಂ ಆಸ್ಪತ್ರೆಯ ವಾರ್ಡ್ ನಂಬರ್ 4: ಆ ಬಾಗಿಲು ಯಾರು ಮುಚ್ಚಿದರು, ಯಾರು ತೆಗೆದರು

ಐರೋಲಿಯಲ್ಲಿ ಆಫೀಸು, ಮುಲುಂಡ್‌ನಲ್ಲಿ ಮನೆ ಅನ್ನೋ ವೀಕ್ಷಕರು ನಮ್ಮಲ್ಲಿ ಸುಮಾರು ಜನ ಇದ್ದೀರಿ. ಊರಿಂದ ಬಂದ ಅಪ್ಪನಿಗೋ ಅಮ್ಮನಿಗೋ ಸ್ಟ್ರೋಕ್ ಆಗಿ ವಾರಗಟ್ಟಲೆ ರಿಹ್ಯಾಬ್ ವಾರ್ಡಿನಲ್ಲಿ ಇರಬೇಕಾಗಿ ಬಂದರೆ ಫಿಸಿಯೋಥೆರಪಿ, ಬಿಲ್ಲು, ಇನ್ಶೂರೆನ್ಸ್ ಎಲ್ಲ ವಿಚಾರಿಸ್ತೀವಿ. ಮೈ ಒರೆಸುವಾಗ ಪರದೆ ಎಳೀತಾರಾ, ಡಯಾಪರ್ ಬದಲಿಸುವಾಗ ಪಕ್ಕದ ಬೆಡ್ಡಿನವರು ನೋಡ್ತಿರ್ತಾರಾ ಅಂತ ಕೇಳೋದು ಕಡಿಮೆ. ಈ ಪ್ರಶ್ನೆಗೆ ಮುಂಬೈಯಲ್ಲೇ ಒಂದು ದೊಡ್ಡ ಇತಿಹಾಸ ಇದೆ. ಮುಲುಂಡ್‌ನಿಂದ ಸ್ಲೋ ಲೋಕಲ್ ಹತ್ತಿದರೆ ದಾದರ್ ಆದ ಮೇಲೆ ಪರೇಲ್. ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ನಡೆದದ್ದು, ನಮ್ಮ ಉತ್ತರ ಕನ್ನಡದ ಹೆಣ್ಣುಮಗಳ ಕಥೆ.

ಅರುಣಾ ಶಾನಭಾಗ್ ಹುಟ್ಟಿದ್ದು 1948ರಲ್ಲಿ, ಹೊನ್ನಾವರದ ಹತ್ತಿರದ ಹಳದೀಪುರದಲ್ಲಿ. ನಮ್ಮ ಹಾಗೇ ಕೆಲಸಕ್ಕೆ ಅಂತ ಮುಂಬೈಗೆ ಬಂದವರು. ಕೆಇಎಂನಲ್ಲಿ ನರ್ಸ್, ಅಲ್ಲಿನ ಡಾಕ್ಟರ್ ಒಬ್ಬರ ಜೊತೆ ಮದುವೆ ನಿಶ್ಚಯ ಆಗಿತ್ತು. 1973ರ ನವೆಂಬರ್ 27ರ ಸಂಜೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅಲ್ಲಿನದೇ ಒಬ್ಬ ಕೆಲಸಗಾರ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ದೌರ್ಜನ್ಯ ಎಸಗಿದ. ಮಿದುಳಿಗೆ ಆಮ್ಲಜನಕ ಹೋಗದೆ ಆದ ಹಾನಿ ಮತ್ತೆ ಸರಿಹೋಗಲೇ ಇಲ್ಲ.

ಆಮೇಲೆ ನಡೆದದ್ದನ್ನ ಸ್ವಲ್ಪ ಗಮನ ಕೊಟ್ಟು ನೋಡಿ. ಹುಡುಗಿಯ ಮರ್ಯಾದೆ ಹೋಗುತ್ತೆ ಅಂತ ಲೈಂಗಿಕ ದೌರ್ಜನ್ಯದ ವಿಷಯವನ್ನ ಆಸ್ಪತ್ರೆಯ ಆಡಳಿತ ಮುಚ್ಚಿಟ್ಟಿತು. ಕೇಸು ದಾಖಲಾಗಿದ್ದು ಕೊಲೆ ಯತ್ನ ಮತ್ತು ದರೋಡೆಗೆ ಮಾತ್ರ. ಆರೋಪಿಗೆ ಸಿಕ್ಕಿದ್ದು 7 ವರ್ಷ. ಮರ್ಯಾದೆ ಉಳಿಸೋಕೆ ಅಂತ ಮಾಡಿದ ಗುಟ್ಟು ಕೊನೆಗೆ ಉಳಿಸಿದ್ದು ಅಪರಾಧಿಯನ್ನ.

ಅದೇ ಆಸ್ಪತ್ರೆಯಲ್ಲಿ ಇನ್ನೊಂದು ಬಾಗಿಲೂ ಮುಚ್ಚಿತು. ವಾರ್ಡ್ ನಂಬರ್ 4ರ ಪಕ್ಕದ ಕೋಣೆಯದು. ಅದನ್ನ ಕಾಯ್ದವರು ನರ್ಸ್‌ಗಳು. ಒಂದು ತಂಡ ನಿವೃತ್ತಿಯಾದರೆ ಮುಂದಿನ ತಂಡ, ಹೀಗೆ 42 ವರ್ಷ ತಿನ್ನಿಸಿದರು, ಸ್ನಾನ ಮಾಡಿಸಿದರು, ಮಗ್ಗುಲು ಬದಲಿಸಿದರು. ಹಾಸಿಗೆ ಹಿಡಿದವರನ್ನ ಮನೆಯಲ್ಲಿ ನೋಡಿಕೊಂಡವರಿಗೆ ಗೊತ್ತು, ಎರಡು ವಾರದಲ್ಲೇ ಬೆಡ್ ಸೋರ್ ಆಗುತ್ತೆ. ಅರುಣಾ ಅವರಿಗೆ ದಶಕಗಳಾದರೂ ಆಗಲಿಲ್ಲ. 80ರ ದಶಕದಲ್ಲಿ ಬೆಡ್ ಖಾಲಿ ಮಾಡಿಸಬೇಕು ಅಂತ ಮಹಾನಗರ ಪಾಲಿಕೆ ಹೊರಟಾಗ ನರ್ಸ್‌ಗಳು ಪ್ರತಿಭಟಿಸಿ ತಡೆದರು.

ಪತ್ರಕರ್ತೆ ಪಿಂಕಿ ವಿರಾನಿ ದಯಾಮರಣ ಕೋರಿ ಹಾಕಿದ ಅರ್ಜಿಯಿಂದಾಗಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟು ನೇಮಿಸಿದ ಮೂವರು ವೈದ್ಯರು ಪರೀಕ್ಷೆ ಮಾಡಿ, ವರದಿಯ ಜೊತೆ ವಿಡಿಯೋ ಸಿಡಿಯನ್ನೂ ಕೊಟ್ಟರು. ಕೋಣೆಯಲ್ಲಿ ಜನ ಜಾಸ್ತಿಯಾದರೆ ಅರುಣಾ ಕಿರುಚುತ್ತಿದ್ದರು, ಕಡಿಮೆಯಾದರೆ ಸುಮ್ಮನಾಗುತ್ತಿದ್ದರು ಅನ್ನೋದು ದಾಖಲೆಯಲ್ಲೇ ಇದೆ. ಹಾಗಿದ್ದೂ 2011ರ ಮಾರ್ಚ್ 2ರಂದು ಆ ಸಿಡಿಯನ್ನ ತುಂಬಿದ ಕೋರ್ಟಿನಲ್ಲಿ ಎಲ್ಲರಿಗೂ ಕಾಣೋ ಹಾಗೆ ತೋರಿಸಿದರು. ಇದಕ್ಕೆ ತೀರ್ಪಿನಲ್ಲಿ ಕೊಟ್ಟ ಪೂರ್ವನಿದರ್ಶನ ಯಾವುದು ಗೊತ್ತಾ? ನಾಜಿಗಳ ನ್ಯೂರೆಂಬರ್ಗ್ ವಿಚಾರಣೆ! ಅಲ್ಲಿ ತೋರಿಸಿದ್ದು ಅಪರಾಧದ ಸಾಕ್ಷ್ಯ. ಇಲ್ಲಿ ತೋರಿಸಿದ್ದು ಬೇಡ ಅನ್ನೋಕೂ ಬಾಯಿಲ್ಲದ ರೋಗಿಯನ್ನ. ಪರಿಣತರ ವರದಿ ಕೈಯಲ್ಲಿತ್ತು. ಜಡ್ಜುಗಳಿಗೆ ನೋಡಲೇಬೇಕು ಅಂತಿದ್ದರೆ ಚೇಂಬರ್‌ನಲ್ಲಿ ನೋಡಬಹುದಿತ್ತು. ನನಗಂತೂ ಇದು ಸರಿ ಕಾಣೋದಿಲ್ಲ.

ಆದರೆ ಐದು ದಿನ ಬಿಟ್ಟು ಬಂದ ತೀರ್ಪು ಅರುಣಾ ಅವರ ಪರವಾಗಿ ಮಾತಾಡೋ ಹಕ್ಕನ್ನ ಕೆಇಎಂ ಸಿಬ್ಬಂದಿಗೇ ಕೊಟ್ಟಿತು. ಕಠಿಣ ಷರತ್ತುಗಳ ಮೇಲೆ ನಿಷ್ಕ್ರಿಯ ದಯಾಮರಣಕ್ಕೆ ದಾರಿ ತೆಗೆದರೂ, ಅವರ ವಿಷಯದಲ್ಲಿ ಅರ್ಜಿ ತಳ್ಳಿಹಾಕಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು.

ಮುಂದಿನ ಹೆಜ್ಜೆಯಲ್ಲೂ ಕರ್ನಾಟಕದ ಹೆಸರೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ನಾವು ಇದನ್ನ ಆಧಾರ್ ಕೇಸು, ಡೇಟಾ ಕೇಸು ಅಂತಲೇ ನೆನಪಿಟ್ಟಿದ್ದೀವಿ. ಆಸ್ಪತ್ರೆಯ ಪರದೆಯೂ ಅದರೊಳಗೇ ಬರುತ್ತೆ. ಮರುವರ್ಷ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿವೆ. ಗೌಪ್ಯತೆ, ಘನತೆ, ಖಾಸಗಿತನ ಅದರಲ್ಲಿ ಸೇರಿವೆ. ಗಂಡಸು ಡಾಕ್ಟರ್ ಮಹಿಳಾ ರೋಗಿಯನ್ನ ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕು ಅನ್ನೋದೂ ಇದೆ. ಅಮ್ಮನನ್ನ ಅಡ್ಮಿಟ್ ಮಾಡೋ ದಿನ, ಫಾರ್ಮಿಗೆ ಸೈನ್ ಹಾಕೋ ಮೊದಲು, ಇದನ್ನ ಸಿಸ್ಟರ್ ಹತ್ತಿರ ಕೇಳಬಹುದು.