ಬಾಗಿಲು ಹಾಕಿದರು, ಕಿಟಕಿ ತೆರೆದೇ ಇತ್ತು

ಇವತ್ತು ಒಂದು ಪುಟ್ಟ ವಸ್ತುವಿನ ಚರಿತ್ರೆ ಹೇಳ್ತೀನಿ. ನೋಡೋಕೆ ಥೇಟ್ ಪೆನ್‌ಡ್ರೈವ್. ಡೆಸ್ಕ್ ಮೇಲೆ ಬಿದ್ದಿದ್ದರೂ ಮೇಷ್ಟ್ರಿಗೆ ಅನುಮಾನ ಬರಲ್ಲ. ಹೆಸರು ಜೂಲ್.

ಶುರುವಾಗಿದ್ದು ಮಕ್ಕಳಿಗಾಗಿ ಅಲ್ಲ. ಚೀನಾದ ಔಷಧ ತಜ್ಞ ಹಾನ್ ಲಿಕ್ ವಿಪರೀತ ಸಿಗರೇಟು ಸೇದುತ್ತಿದ್ದವರು. ಅವರ ತಂದೆ ತೀರಿಕೊಂಡಿದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. 2003ರ ಹೊತ್ತಿಗೆ ಹಾನ್ ಲಿಕ್, ಹೊಗೆಯ ಬದಲು ಆವಿಯಲ್ಲಿ ನಿಕೋಟಿನ್ ಕೊಡುವ ಸಾಧನ ರೂಪಿಸಿದರು. ಕೆಲವೇ ವರ್ಷಗಳಲ್ಲಿ ಅದು ಅಮೆರಿಕ ತಲುಪಿತು.

ಅಮೆರಿಕದಲ್ಲಿ 2009ರಲ್ಲಿ ಒಂದು ಕಾನೂನು ಬಂತು. ಹಣ್ಣು, ಮಿಠಾಯಿ ರುಚಿಯ ಸಿಗರೇಟು ಮಾರುವಂತಿಲ್ಲ, ಮಕ್ಕಳು ಮರುಳಾಗುತ್ತಾರೆ ಅಂತ. ಸರಿಯಾದ ಕಾನೂನೇ. ಆದರೆ ಆ ನಿಷೇಧ ಇದ್ದಿದ್ದು ಸಿಗರೇಟಿಗೆ ಮಾತ್ರ, ಆವಿಗೆ ಅಲ್ಲ. ಇ-ಸಿಗರೇಟು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಹಿಡಿತಕ್ಕೆ ಬಂದಿದ್ದೇ 2016ರಲ್ಲಿ.

ಅದಕ್ಕೂ ಒಂದು ವರ್ಷ ಮೊದಲೇ, 2015ರಲ್ಲಿ, ಜೂಲ್ ಮಾರುಕಟ್ಟೆಗೆ ಬಂದಿತ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಆಡಮ್ ಬೋವೆನ್ ಮತ್ತು ಜೇಮ್ಸ್ ಮಾನ್ಸೀಸ್ ಮಾಡಿದ್ದು. ಇದರಲ್ಲಿ ನಿಕೋಟಿನ್‌ಗೆ ಬೆಂಜಾಯಿಕ್ ಆಮ್ಲ ಸೇರಿಸಿ ಲವಣ ಮಾಡಿದ್ದರು. ಇದರಿಂದ ಗಂಟಲು ಹೆಚ್ಚು ಉರಿಯಲ್ಲ.

ಇಡೀ ಕಥೆಯಲ್ಲಿ ನನ್ನನ್ನು ಕಾಡೋದು ಇದೇ. ಮೊದಲ ಸಲ ಸಿಗರೇಟು ಸೇದಿದ ಹುಡುಗ ಕೆಮ್ಮಿ ಕೆಮ್ಮಿ ಬಿಸಾಕ್ತಾನೆ, ಅಲ್ವಾ? ಆ ಕೆಮ್ಮು ಒಂದು ಕಾವಲು. ಮಾವಿನ ಹಣ್ಣಿನ ರುಚಿಯ ನುಣುಪು ಆವಿ ಆ ಕಾವಲನ್ನೇ ದಾಟಿಬಿಡ್ತು.

ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಅಂಕಿ ನೋಡಿ. ಹಿಂದಿನ 30 ದಿನಗಳಲ್ಲಿ ಇ-ಸಿಗರೇಟು ಸೇದಿದ್ದ ಹೈಸ್ಕೂಲ್ ಮಕ್ಕಳು 2017ರಲ್ಲಿ ಶೇ. 11.7. 2019ಕ್ಕೆ ಶೇ. 27.5. ಆರರಿಂದ ಎಂಟನೇ ತರಗತಿಯವರಲ್ಲೂ ಆ ವರ್ಷ ಶೇ. 10.5. ಎರಡೇ ವರ್ಷದಲ್ಲಿ ಇಷ್ಟು!

2020ರಲ್ಲಿ ಸರ್ಕಾರ ಹಣ್ಣಿನ ರುಚಿಯ ಕಾರ್ಟ್ರಿಜ್‌ಗಳ ಮೇಲೆ ಕ್ರಮಕ್ಕೆ ಇಳಿಯಿತು. ಆದರೆ ಸೇದಿ ಎಸೆಯುವ ಸಾಧನಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಮಕ್ಕಳು ಪಫ್ ಬಾರ್‌ನಂಥವುಗಳತ್ತ ಹೊರಳಿದರು. 2009ರ ತಪ್ಪೇ ಮತ್ತೊಮ್ಮೆ! 2022ರಲ್ಲಿ ಜೂಲ್ ಕಂಪನಿ 30ಕ್ಕೂ ಹೆಚ್ಚು ರಾಜ್ಯಗಳಿಗೆ ಸುಮಾರು 44 ಕೋಟಿ ಡಾಲರ್ ಕೊಡಲು ಒಪ್ಪಿತು. ಅಷ್ಟರಲ್ಲಿ 2019ರ ಹೈಸ್ಕೂಲ್ ಹುಡುಗರಲ್ಲಿ ಬಹುತೇಕರು ಶಾಲೆ ಮುಗಿಸಿ ಹೊರಟಾಗಿತ್ತು.

ಹಾಗಂತ ಎಲ್ಲವೂ ವ್ಯರ್ಥ ಅಂತಲ್ಲ. 2024ರಲ್ಲಿ ಹೈಸ್ಕೂಲ್ ಅಂಕಿ ಶೇ. 7.8ಕ್ಕೆ ಇಳಿದಿದೆ.

ನಮ್ಮಲ್ಲಿ ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೇ ನಿಷೇಧ ಬಂತು. ನಾವು ಬಾಗಿಲು ಬೇಗ ಹಾಕಿದೆವು, ನಿಜ. ಆದರೆ ಈ ಚರಿತ್ರೆ ಓದಿದ ಮೇಲೆ ನನಗೆ ಅನ್ನಿಸೋದು ಇಷ್ಟೇ: ಬಾಗಿಲು ಹಾಕಿದ ದಿನವೇ ಕಿಟಕಿಯನ್ನೂ ನೋಡಬೇಕು. ಯಾಕಂದ್ರೆ ಕಾನೂನು ಬರೆಯೋರಿಗಿಂತ ಮೊದಲು ಅದು ಮಕ್ಕಳ ಕಣ್ಣಿಗೆ ಬಿದ್ದಿರುತ್ತೆ.