ಎಳೆಯ ಮಕ್ಕಳಲ್ಲಿ ಆಟಿಸಂ: ಬೀದರ್, ಭಾಲ್ಕಿ, ಔರಾದ್ ಕಡೆಯ ಹೆತ್ತವರ ಗಮನಕ್ಕೆ

ಆಟಿಸಂ ಅಥವಾ ಸ್ವಲೀನತೆ ಅಂಟುವ ರೋಗವಲ್ಲ, ಶಾಪವೂ ಅಲ್ಲ. ಇದು ಮಗುವಿನ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಅಮೆರಿಕದಲ್ಲಿ ವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಇದನ್ನು ವಿವರವಾಗಿ ಬರೆದರು. ತಾಯಿಯ ಅಕ್ಕರೆ ಸಾಲದೆ ಹೀಗಾಗುತ್ತದೆ ಎಂಬ ವಾದವೂ ಕೆಲಕಾಲ ನಡೆಯಿತು. ಅದು ತಪ್ಪೆಂದು ಗೊತ್ತಾಗಿ ದಶಕಗಳೇ ಕಳೆದಿವೆ. ತಾಯಿಯನ್ನು ದೂರುವ ಚಾಳಿ ಮಾತ್ರ ನಮ್ಮ ಮನೆಗಳಲ್ಲಿ ಉಳಿದಿದೆ.

2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಬೀದರ್ ಜಿಲ್ಲೆಯೂ ಸೇರಿದೆ. ಅಲ್ಲಿ ಮನೆಭೇಟಿ ಮಾಡುವ ಗುರುಗಳು ಮತ್ತು ಧರ್ಮಭಗಿನಿಯರು ಒಂದು ವಿಷಯವನ್ನು ಗಮನದಲ್ಲಿಡಬೇಕು. ಭಾಲ್ಕಿ, ಔರಾದ್ ಕಡೆ ಮನೆಯೊಳಗೆ ಮರಾಠಿ, ಬೀದಿಯಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ ಇರುವುದು ಸಾಮಾನ್ಯ. ಮಗು ಮಾತನಾಡದಿದ್ದರೆ 'ಭಾಷೆ ಹೆಚ್ಚಾಗಿ ಗೊಂದಲವಾಗಿದೆ' ಎಂದು ಸಮಾಧಾನ ಹೇಳುತ್ತಾರೆ. ಹಲವು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ. ಅಷ್ಟೇ ಅಲ್ಲ, ಮಾತಿಗೆ ಮೊದಲೇ ನೋಡಬಹುದಾದ ಲಕ್ಷಣಗಳಿಗೆ ಭಾಷೆಯ ಹಂಗಿಲ್ಲ.

ಬೀದರ್ ನಗರದ ಮೇಲೆ ವಾಯುಪಡೆಯ ತರಬೇತಿ ವಿಮಾನ ಹಾರುವಾಗ ಒಂದೂಕಾಲು ವರ್ಷದ ಮಗು ಸಾಮಾನ್ಯವಾಗಿ ಏನು ಮಾಡುತ್ತದೆ? ಬೆರಳು ತೋರಿಸಿ, ತಿರುಗಿ ಅಮ್ಮನ ಮುಖ ನೋಡುತ್ತದೆ. 'ನೀನೂ ನೋಡು' ಎಂದು ಅದರ ಅರ್ಥ. ಹೀಗೆ ಹಂಚಿಕೊಳ್ಳುವ ಬಯಕೆಯೇ ಕಾಣದಿದ್ದರೆ ಎಚ್ಚರ ವಹಿಸಬೇಕು. ಬೇಕಾದ ವಸ್ತುವಿಗೆ ದೊಡ್ಡವರ ಕೈ ಹಿಡಿದೆಳೆಯುವುದು ಬೇರೆ, ಬೆರಳು ತೋರಿಸುವುದು ಬೇರೆ.

ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿರುವುದು, 16 ತಿಂಗಳಿಗೂ ಒಂದು ಪದ ಬಾರದಿರುವುದು, ಎರಡು ವರ್ಷಕ್ಕೆ ಎರಡು ಪದ ಜೋಡಿಸಿ ಸ್ವಂತವಾಗಿ ಹೇಳದಿರುವುದು, ಆಟಿಕೆ ಓಡಿಸದೆ ಚಕ್ರವನ್ನಷ್ಟೇ ತಿರುಗಿಸುತ್ತಿರುವುದು, ಕುಕ್ಕರ್ ಸೀಟಿಗೆ ವಿಪರೀತ ಗಾಬರಿ. ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಆಟಿಸಂ ಎಂದಲ್ಲ; ತಪಾಸಣೆ ಬೇಕು ಎಂದರ್ಥ. ಆದರೆ ಬಂದ ಮಾತು ನಿಂತುಹೋದರೆ ಒಂದು ದಿನವೂ ಕಾಯಬಾರದು.

ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಟಿವಿ ಜಾಹೀರಾತಿಗೆ ಓಡಿಬರುತ್ತದೆ ಎಂದು ಕಿವಿ ಸರಿಯಿದೆ ಎಂದುಕೊಳ್ಳಬೇಡಿ. ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ತೋರಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಬಾರಿ ಬರಬೇಕೆಂಬ ನಿಯಮವಿದೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರುವಾಸಿ, ಆದರೆ ಬಲು ದೂರ. ಬೀದರಿನವರಿಗೆ ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ವಿಕಲಚೇತನರ ಸಬಲೀಕರಣ ಸಂಸ್ಥೆಯೇ ಹತ್ತಿರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿರುವುದರಿಂದ ಪ್ರಮಾಣಪತ್ರ ಪಡೆಯಲೂ ಅವಕಾಶವಿದೆ.

'ಗಂಡುಮಕ್ಕಳ ಮಾತು ತಡ, ಅಪ್ಪನೂ ಹಾಗೇ ಇದ್ದ' ಎಂದು ಮೂರು ನಾಲ್ಕು ವರ್ಷ ಕಳೆಯುವವರಿದ್ದಾರೆ. ಮಗು ಬೇಗ ಕಲಿಯುವ ವಯಸ್ಸು ಅದೇ. ಹರಕೆ, ಪ್ರಾರ್ಥನೆ ಬೇಡವೆಂದು ನಾವು ಹೇಳುವುದಿಲ್ಲ. ಹರಕೆ ತೀರಿಸಲು ಹೊರಟವರು ಅದೇ ವಾರ ವೈದ್ಯರಲ್ಲಿಗೂ ಹೋಗಲಿ. ಬಲಿಪೂಜೆಯ ನಡುವೆ ಇಂತಹ ಮಗು ಕೂಗಿದರೆ ಹಿಂದಿರುಗಿ ದುರುಗುಟ್ಟಿ ನೋಡಬೇಡಿ. ಧ್ವನಿವರ್ಧಕದಿಂದ ದೂರ, ಬಾಗಿಲ ಬಳಿ ಆ ಕುಟುಂಬಕ್ಕೆ ಒಂದು ಬೆಂಚು ಬಿಟ್ಟುಕೊಡಿ.